ಹೊಳೆ ಬರುವ ಮೊದಲು ಮನೆಯಲ್ಲಿ ಏನೇನು ಕೂಡಿಡಬೇಕು? ಅನುಭವ ಇದ್ದವರು ತಿಳಿಸಿ

ಶಿಕ್ಷಕಿ, ಸದಲಗಾ ಹತ್ತಿರ:
ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿ ಕಡೆಯವಳು, ವರ್ಗಾವಣೆಯಾಗಿ ಚಿಕ್ಕೋಡಿ ಭಾಗದ ದೂಧಗಂಗಾ ದಂಡೆಯ ಊರಿಗೆ ಬಂದಿದ್ದೇನೆ. ಜುಲೈ ಕಡೆಗೆ ಸೇತುವೆ ಮುಳುಗಿದರೆ ಪೇಟೆಯ ಸಂಪರ್ಕ ತಪ್ಪುತ್ತದೆ ಎಂದು ನೆರೆಯವರು ಹೇಳುತ್ತಿದ್ದಾರೆ. ಬಾಡಿಗೆ ಮನೆ, ಮಹಡಿ ಇಲ್ಲ. ಎರಡು ವರ್ಷದ ಮಗು ಇದೆ, ಇನ್ಸುಲಿನ್ ತೆಗೆದುಕೊಳ್ಳುವ ಅತ್ತೆ ಇದ್ದಾರೆ. ದನಕರು ಇಲ್ಲ. ಕೈಯಲ್ಲಿ ಸುಮಾರು ₹6,000 ಇದೆ. ದಿನಸಿ, ಗ್ಯಾಸ್, ನೀರು, ಔಷಧ ಇವುಗಳಲ್ಲಿ ಯಾವುದನ್ನು ಎಷ್ಟು ತರಬೇಕು, ಯಾವಾಗ ತರಬೇಕು? ಕರೆಂಟ್ ಹೋದರೆ ಇನ್ಸುಲಿನ್ ಕೆಡದಂತೆ ಇಡುವುದು ಹೇಗೆ?

ಯಡೂರು ಕಡೆಯ ಗೃಹಿಣಿ:
ತಂಗಿ, ಮೊದಲು ಹಿಟ್ಟಿನ ವಿಚಾರ ಕೇಳು. ದಿನಸಿ ಎಂದ ಕೂಡಲೇ ಎಲ್ಲರೂ ಅಕ್ಕಿ, ಬೇಳೆ ಎನ್ನುತ್ತಾರೆ. ಕರೆಂಟ್ ಹೋದರೆ ಗಿರಣಿ ನಿಂತಿತು, ಗಿರಣಿ ನಿಂತರೆ ಚೀಲಗಟ್ಟಲೆ ಜೋಳ ಇದ್ದರೂ ಉಪವಾಸವೇ. ಹಾಗೆಂದು ಜೂನ್‌ನಲ್ಲೇ ಬೀಸಿಟ್ಟರೆ ಹಿಟ್ಟಿನ ಜಿಗಿ ಹೋಗುತ್ತದೆ. ಬಡಿಯುವಾಗ ರೊಟ್ಟಿ ಅಂಚಿನಿಂದಲೇ ಸೀಳುತ್ತದೆ, ತೇವಕ್ಕೆ ಕಹಿಯೂ ಆಗುತ್ತದೆ. 2019ರಲ್ಲಿ ನಾನು ಜುಲೈ ಕೊನೆಗೆ ಹಿಟ್ಟು ಹಾಕಿಸಿ ಒಂದೇ ಸಮನೆ ಕಟಕ್ ರೊಟ್ಟಿ ಬಡಿದೆ. ಹಂಚಿನ ಮೇಲೆ ಬೆಂದ ರೊಟ್ಟಿಯನ್ನು ಒಲೆಯ ಬಾಯಿಗೆ ಒರಗಿಸಿ, ತೇವ ಪೂರ್ತಿ ಆರುವವರೆಗೆ ತಿರುಗಿಸುತ್ತಾ ಕುಳಿತಿದ್ದೆ. ಬಿಳಿ ಧೋತರದಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ. ನಾದಿನಿ ‘ಯಾರ ಮದುವೆ’ ಎಂದು ನಕ್ಕಳು. ಆಗಸ್ಟ್ ಮೊದಲ ವಾರ ಕೃಷ್ಣೆ ಉಕ್ಕಿ ಕಲ್ಲೋಳ–ಯಡೂರು ಸೇತುವೆ ಮುಳುಗಿದ ಮೇಲೆ ಅದೇ ನಾದಿನಿಯ ಮಕ್ಕಳು ನನ್ನ ರೊಟ್ಟಿಯನ್ನೇ ತಿಂದರು.

ಖರ್ಚು ಹೇಳುತ್ತೇನೆ. ಜೋಳ ಹೊಲದ್ದು. ಶೇಂಗಾ ಹಿಂಡಿಗೆ (ಚಟ್ನಿಪುಡಿಗೆ) ₹450, ಅಗಸೆ ಮತ್ತು ಗುರೆಳ್ಳು ಸೇರಿ ₹280, ಬೆಲ್ಲ ₹220. ತಾಡಪತ್ರಿಗೆ ₹900. ಸಿಲಿಂಡರ್ ಮಾತ್ರ ಎದೆಯಲ್ಲಿ ಇನ್ನೂ ಚುಚ್ಚುತ್ತದೆ. ನಿಗದಿತ ದರ ₹600ರ ಆಸುಪಾಸು ಇದ್ದಾಗ ನನ್ನಿಂದ ₹1,150 ಕಿತ್ತುಕೊಂಡರು. ‘ಬೇಕಾದರೆ ಒಯ್ಯಿರಿ, ನಾಳೆ ಇದೂ ಸಿಗುವುದಿಲ್ಲ’ ಎಂದು ಮುಖಕ್ಕೆ ಹೇಳಿದರು. ಮೇಣದಬತ್ತಿಯೂ ಮೂರು ಪಟ್ಟು. ಊರು ಮುಳುಗುವಾಗ ಗಲ್ಲೆ ತುಂಬಿಸಿಕೊಳ್ಳುವ ವ್ಯಾಪಾರಿಗಳಿಗೆ ಒಳ್ಳೆಯದಾಗುವುದಿಲ್ಲ.

ಕಿರಾಣಿ ವ್ಯಾಪಾರಿ, ಗೋಕಾಕ:
ಅಕ್ಕ ಅವರೆ, ವ್ಯಾಪಾರಿಗಳೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. 2019ರಲ್ಲಿ ಹಿಡಕಲ್ ಜಲಾಶಯದಿಂದ ಘಟಪ್ರಭೆಗೆ ನೀರು ಬಿಟ್ಟರು, ಇತ್ತ ಮಾರ್ಕಂಡೇಯ ನದಿಯೂ ತುಂಬಿ ಬಂತು. ಲೋಳಸೂರ ಸೇತುವೆ ಮುಳುಗಿತು, ಪೇಟೆಯೊಳಗೆ ನೀರು ನುಗ್ಗಿತು. ಮಳೆಗಾಲಕ್ಕೆಂದು ನಾನು ತುಂಬಿಸಿದ್ದ ಸರಕು ಏನಾಯಿತು ಗೊತ್ತೆ? ಸಕ್ಕರೆ ಕರಗಿ ಚೀಲವಷ್ಟೇ ಉಳಿಯಿತು. ತೊಗರಿಬೇಳೆ ನೀರು ಕುಡಿದು ಉಬ್ಬಿ ಚೀಲದ ಹೊಲಿಗೆ ಬಿಚ್ಚಿಕೊಂಡಿತ್ತು. ಅಕ್ಕಿ ಹುಳಿತು ನಾರುತ್ತಿತ್ತು. ಬರೇ ಅಕ್ಕಿಯಲ್ಲಿ ₹74,000, ಎಣ್ಣೆ ಡಬ್ಬಗಳಲ್ಲಿ ₹31,500, ರವಾ–ಮೈದಾ ₹18,200, ಫ್ರಿಜ್ ಮತ್ತು ತೂಕದ ಯಂತ್ರ ಬೇರೆ. ಕೆಟ್ಟ ಸರಕನ್ನು ಎತ್ತಿ ಹಾಕಲು ಟ್ರ್ಯಾಕ್ಟರ್‌ಗೆ ಕೂಡ ₹2,800 ಕೊಟ್ಟೆ. ಅಂಗಡಿಯ ವಿಮೆಯಿಂದ ಬಂದದ್ದು ನಷ್ಟದ ಕಾಲುಭಾಗವೂ ಅಲ್ಲ. ಕೆಸರಿನಲ್ಲಿ ಒದ್ದೆಯಾದ ಬಿಲ್ಲುಗಳು ಓದಲು ಬರುವುದಿಲ್ಲ ಎಂದು ಉಳಿದದ್ದರ ಅರ್ಜಿ ತಿರುಗಿಸಿದರು.

ಶಿಕ್ಷಕಿಯವರೆ, ನನ್ನ ಮಾತು ಒಂದೇ. ಎಷ್ಟು ತರಬೇಕು ಎಂಬುದಕ್ಕಿಂತ ಎಲ್ಲಿ ಇಡಬೇಕು ಎಂಬುದು ಮೊದಲು. ಈಗ ನಾನು ಬಾಯಿಗೆ ತಿರುಗಣೆ ಮುಚ್ಚಳ ಇರುವ ನೀಲಿ ಪ್ಲಾಸ್ಟಿಕ್ ಬ್ಯಾರಲ್‌ಗಳನ್ನು ಇಟ್ಟಿದ್ದೇನೆ, ತಂದಾಗ ಒಂದಕ್ಕೆ ₹850 ಬಿತ್ತು. ಹಗ್ಗ ಹಾಕಿ ಕಂಬಕ್ಕೆ ಕಟ್ಟುತ್ತೇನೆ. 2021ರಲ್ಲಿ ಮತ್ತೆ ನೀರು ಬಂದಾಗ ಬೇಳೆಯ ಒಂದು ಕಾಳೂ ಒದ್ದೆಯಾಗಲಿಲ್ಲ. ಗ್ಯಾಸ್ ಸಿಲಿಂಡರ್‌ಗಳನ್ನೂ ಸರಪಳಿಯಿಂದ ಕಟ್ಟಿ, ಇಲ್ಲದಿದ್ದರೆ ತೇಲಿ ಹೋಗುತ್ತವೆ.

ಯಡೂರು ಕಡೆಯ ಗೃಹಿಣಿ:
ನಿಮ್ಮ ನಷ್ಟಕ್ಕೆ ಮರುಗುತ್ತೇನೆ. ಆದರೆ ನಿಮ್ಮ ನಷ್ಟವನ್ನು ನಮ್ಮ ಮೇಣದಬತ್ತಿಯಿಂದ ತುಂಬಿಕೊಳ್ಳಬೇಕೆ? ₹10ರ ಪಾಕೀಟಿಗೆ ₹30 ಕೊಟ್ಟವಳು ನಾನು.

ಕಿರಾಣಿ ವ್ಯಾಪಾರಿ, ಗೋಕಾಕ:
ನಾನು ಒಂದು ರೂಪಾಯಿ ಹೆಚ್ಚಿಗೆ ತೆಗೆದುಕೊಂಡವನಲ್ಲ. ಅಂಗಡಿಯಲ್ಲಿ ಉಳಿದ ಬಿಸ್ಕತ್ತನ್ನು ಗಂಜಿ ಕೇಂದ್ರಕ್ಕೆ ಹಾಗೆಯೇ ಕೊಟ್ಟಿದ್ದೇನೆ. ಓಣಿಯವರನ್ನು ಕೇಳಿ ನೋಡಿ.

ರೈತ, ಮುತ್ತೂರು, ಜಮಖಂಡಿ ತಾಲ್ಲೂಕು:
ಎಲ್ಲರೂ ಮನುಷ್ಯರ ಹೊಟ್ಟೆಯ ಬಗ್ಗೆಯೇ ಬರೆಯುತ್ತಿದ್ದೀರಿ. ಮೂಕ ಪ್ರಾಣಿಗಳ ಗತಿ ಏನು? ನಮ್ಮೂರನ್ನು ಕೃಷ್ಣೆ ಸುತ್ತುವರಿದರೆ ದೋಣಿಯೇ ಗತಿ, ದೋಣಿಯಲ್ಲಿ ಎಮ್ಮೆ ಹತ್ತುವುದಿಲ್ಲ. ಹೊಳೆ ಇಳಿದ ಮೇಲೆ ಹೊಲದಲ್ಲಿ ಹಸಿ ಮೇವಿರುವುದಿಲ್ಲ, ಇದ್ದದ್ದಕ್ಕೆ ರಾಡಿ ಮೆತ್ತಿರುತ್ತದೆ, ತಿಂದರೆ ಭೇದಿ. 2019ರಲ್ಲಿ ನನ್ನ ಬಣವೆ ದಿಬ್ಬದ ಮೇಲಿತ್ತು, ಆದರೂ ಬುಡ ನೀರು ಹಿಡಿದು ಕೊಳೆಯಿತು. ಹೊರಗಿನಿಂದ ಕಣಿಕೆ (ಜೋಳದ ಒಣ ದಂಟು) ತರಿಸಿದೆ, ನೂರು ಸೂಡಿಗೆ ₹2,400, ಗಾಡಿ ಬಾಡಿಗೆ ₹1,800 ಬೇರೆ. ಕಬ್ಬಿನ ಸೋಗೆಯನ್ನೂ ದುಡ್ಡು ಕೊಟ್ಟು ತಂದೆ. ಹೊಟ್ಟಿನ ಚೀಲಕ್ಕೆ ₹350. ಹಿಂಡಿ ತರಲು ಹೋದರೆ ಹಳೆಯ ಉದ್ರಿ ತೀರಿಸಿದ ಮೇಲೆಯೇ ಕೊಡುತ್ತೇವೆ ಎಂದರು. ಹಾಲು ಅರ್ಧಕ್ಕೆ ಇಳಿಯಿತು. ಕೊನೆಗೆ ಒಂದು ಮುರ್ರಾ ಎಮ್ಮೆ ಸತ್ತಿತು. ₹70,000 ಕೊಟ್ಟು ತಂದಿದ್ದೆ, ಎರಡನೇ ಸೂಲಿನದು. ಪರಿಹಾರ ಕೇಳಿದರೆ ಮರಣೋತ್ತರ ಪರೀಕ್ಷೆಯ ಕಾಗದ ತನ್ನಿ ಎಂದರು. ಸೊಂಟದ ಮಟ್ಟ ನೀರಿನಲ್ಲಿ ಡಾಕ್ಟರನ್ನು ಎಲ್ಲಿಂದ ಕರೆತರಲಿ?

ಈಗ ಮೇ ತಿಂಗಳಲ್ಲೇ ಎತ್ತರದ ಊರಿನ ಬೀಗರ ಕಣದಲ್ಲಿ ಕಣಿಕೆ ಒಟ್ಟಿಸುತ್ತೇನೆ. ಬುಡಕ್ಕೆ ಕಲ್ಲು, ಅದರ ಮೇಲೆ ತೊಗರಿ ಕಟ್ಟಿಗೆ, ಅದರ ಮೇಲೆ ಕಣಿಕೆ. ಸಂಸಾರ ಉಳಿಯಬೇಕಾದರೆ ಮೊದಲು ಮೇವು.

ಖಾನಾಪುರ ಕಾಡಿನವ:
ನೀವೆಲ್ಲ ಒಂದು ವಾರದ ಮಾತು ಆಡುತ್ತಿದ್ದೀರಿ. ಕಣಕುಂಬಿ, ಆಮಗಾಂವ, ಗವಾಳಿ ಕಡೆ ಬಂದು ನೋಡಿ. ಜೂನ್‌ನಲ್ಲಿ ಮಳೆ ಹಿಡಿದರೆ ಹಳ್ಳ ತುಂಬಿ ಕಾಲುಸಂಕವೂ ಉಳಿಯುವುದಿಲ್ಲ. ಮಲಪ್ರಭೆ ಹುಟ್ಟುವ ಜಾಗ ಅದು. ನಾವು ಮೇ ಮುಗಿಯುವ ಮೊದಲೇ ನಾಲ್ಕು ತಿಂಗಳ ಅಕ್ಕಿ, ಉಪ್ಪು, ಮೆಣಸಿನಕಾಯಿ, ಒಣಮೀನು, ಸೀಮೆಎಣ್ಣೆ, ಗುಳಿಗೆ ಎಲ್ಲ ಒಳಗೆ ಹಾಕುತ್ತೇವೆ. ಕಟ್ಟಿಗೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಟ್ಟುತ್ತೇವೆ, ಹೊಗೆಗೆ ಅದು ಒಣಗಿಯೇ ಇರುತ್ತದೆ. ಒಂದು ಸಿಲಿಂಡರ್‌ಗಾಗಿ ಇಷ್ಟು ಗೋಳಾಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ನಮ್ಮಲ್ಲಿ ಕಾಯಿಲೆ ಬಿದ್ದವರನ್ನು ಕಂಬಳಿಯಲ್ಲಿ ಕಟ್ಟಿ ಹೊತ್ತುಕೊಂಡು ನಡೆಯುತ್ತೇವೆ.

ಯಡೂರು ಕಡೆಯ ಗೃಹಿಣಿ:
ಅಣ್ಣ, ನಿಮ್ಮ ಕಷ್ಟ ದೊಡ್ಡದೇ. ಆದರೆ ನಿಮ್ಮ ಮನೆಯೊಳಗೆ ಹೊಳೆ ಬರುವುದಿಲ್ಲ. ನಮ್ಮ ಅಟ್ಟದ ಕೆಳಗೆ ಎದೆಮಟ್ಟ ನೀರು ನಿಂತಿತ್ತು. ಒಲೆಯೇ ನೀರಿನಲ್ಲಿರುವಾಗ ಕಟ್ಟಿಗೆ ಯಾವ ಹೊಗೆಗೆ ಒಣಗಬೇಕು? ಗೋಳಾಡುವವರು ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ.

ನೇಕಾರ, ರಬಕವಿ:
ದಿನಸಿ ಹೋದರೆ ಮತ್ತೆ ತರಬಹುದು. ನಮ್ಮ ಮಗ್ಗದ ಕುಣಿಯಲ್ಲಿ ನೀರು ನಿಂತು, ಹೂಡಿದ್ದ ಹಾಸು ಪೂರ್ತಿ ಕೊಳೆಯಿತು. ನೂಲು ₹23,000ದ್ದು. ಅದು ಸಾಲದ ನೂಲು. ನೆರೆ ಪರಿಹಾರಕ್ಕೆ ಮನೆಯನ್ನು ‘ಸಿ’ ವರ್ಗ, ಅಂದರೆ ಸ್ವಲ್ಪ ಹಾನಿ ಎಂದು ಬರೆದು ₹50,000 ಕೊಟ್ಟರು. ನಮ್ಮ ಹಿಂದಿನ ಓಣಿಯಲ್ಲಿ ನೀರು ಹೊಸ್ತಿಲನ್ನೂ ಮುಟ್ಟದ ಮನೆ ಪೂರ್ತಿ ಬಿದ್ದ ಮನೆಗಳ ‘ಎ’ ವರ್ಗಕ್ಕೆ ಸೇರಿ ₹5 ಲಕ್ಷದ ಪಟ್ಟಿಯಲ್ಲಿ ಕುಳಿತಿತು. ಆದ್ದರಿಂದ ಶಿಕ್ಷಕಿಯವರು ಏನು ಕೊಂಡರೂ ಮೊದಲು ಮನೆಯ ನಾಲ್ಕೂ ಗೋಡೆಗಳ ಫೋಟೊ ತೆಗೆದಿಟ್ಟುಕೊಳ್ಳಲಿ. ಮುಂದೆ ಕೆಲಸಕ್ಕೆ ಬರುವುದು ಅದೇ.

ರೈತ, ಮುತ್ತೂರು, ಜಮಖಂಡಿ ತಾಲ್ಲೂಕು:
ಇದಕ್ಕೆಲ್ಲ ಮೂಲ ಮಹಾರಾಷ್ಟ್ರದವರು. ಕೊಯ್ನಾ ಜಲಾಶಯ ತುಂಬುವವರೆಗೆ ಹಿಡಿದಿಟ್ಟು ಒಮ್ಮೆಲೇ ಬಿಡುತ್ತಾರೆ.

ಅಥಣಿ ಕಡೆಯವ:
ಅಷ್ಟೇ ಅಲ್ಲ ಸ್ವಾಮಿ. ನಮ್ಮ ಕೆಳಗಿನ ಆಲಮಟ್ಟಿ ಅಣೆಕಟ್ಟನ್ನೂ ಹೇಳಿ. 519.60 ಮೀಟರ್‌ವರೆಗೆ ನೀರು ನಿಲ್ಲಿಸಿದರೆ ಹಿನ್ನೀರು ಎಲ್ಲಿಗೆ ಹೋಗಬೇಕು? 2010ರ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ತೀರ್ಪಿನ ಪ್ರಕಾರ 524.256ಕ್ಕೆ ಏರಿಸಿದರೆ ಇನ್ನೇನು ಗತಿ?

ರೈತ, ಮುತ್ತೂರು, ಜಮಖಂಡಿ ತಾಲ್ಲೂಕು:
ಮಹಾರಾಷ್ಟ್ರದ ಸಾಂಗಲಿಯವರು ಆಡುವ ಮಾತನ್ನೇ ನೀವೂ ಆಡುತ್ತಿದ್ದೀರಿ. 2019ರಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯುಸೆಕ್ ಮೀರಿ ಹೊರಗೆ ಬಿಟ್ಟರು, ಹಿಡಿದಿಟ್ಟುಕೊಂಡು ಕೂರಲಿಲ್ಲ. ಏರಿಸಿದ ನೀರಿನಿಂದ ವಿಜಯಪುರದ ಒಣಹೊಲ ಹಸಿರಾಗುವುದು ನಿಮಗೆ ಬೇಡವೆ?

ಇಂಡಿ ತಾಲ್ಲೂಕು, ಭೀಮಾ ದಂಡೆ:
ನಮ್ಮ ಜಿಲ್ಲೆಯ ಹೆಸರು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಒಣಹೊಲ ಎನ್ನುತ್ತೀರಿ, 2020ರ ಅಕ್ಟೋಬರ್‌ನಲ್ಲಿ ಉಜನಿ ಜಲಾಶಯದಿಂದ ನೀರು ಬಿಟ್ಟು ಭೀಮಾ ಉಕ್ಕಿದಾಗ ನಮ್ಮ ತೊಗರಿ ನಿಂತಲ್ಲೇ ಕೊಳೆಯಿತು. ನಾವು ಏನನ್ನೂ ಕೂಡಿಟ್ಟಿರಲಿಲ್ಲ, ಕೂಡಿಡುವುದೂ ಇಲ್ಲ. ಮೊದಲ ಡಂಗುರಕ್ಕೇ ಕಾಗದಪತ್ರದ ಚೀಲ, ಮಕ್ಕಳು, ಎತ್ತು ಹಿಡಿದುಕೊಂಡು ಎತ್ತರದ ಶಾಲೆಗೆ ನಡೆದೆವು. ಎಲ್ಲರೂ ಉಳಿದೆವು. ಸರಕು ಕಾಯಲು ಮನೆಯಲ್ಲಿ ಕುಳಿತವರನ್ನು ಮಾಳಿಗೆಯಿಂದ ದೋಣಿಗೆ ಇಳಿಸಬೇಕಾಯಿತು. ಬ್ಯಾರಲ್, ರೊಟ್ಟಿ, ಬಣವೆ ಎಂದು ಇವರು ಹೇಳುವುದೆಲ್ಲ ಮನುಷ್ಯನನ್ನು ಮನೆಗೆ ಕಟ್ಟಿಹಾಕುವ ಹಗ್ಗ.

ಕಿರಾಣಿ ವ್ಯಾಪಾರಿ, ಗೋಕಾಕ:
ಎಲ್ಲ ಬಿಟ್ಟು ಹೋಗಲು ನಿಮಗೆ ಸಾಧ್ಯವಾಯಿತು. ಅಂಗಡಿಯನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಹೋಗಲಾಗುತ್ತದೆಯೇ?

ಶಿಕ್ಷಕಿ, ಸದಲಗಾ ಹತ್ತಿರ:
ಎಲ್ಲರಿಗೂ ಧನ್ಯವಾದ. ನನಗೆ ಎಮ್ಮೆ, ಮಗ್ಗ, ಅಂಗಡಿ ಇಲ್ಲ. ಮಗುವಿನ ಹಾಲಿನ ಪುಡಿ, ಕುಡಿಯುವ ನೀರು, ಅತ್ತೆಯವರ ಇನ್ಸುಲಿನ್ ಇವಿಷ್ಟೇ ನನ್ನ ಚಿಂತೆ. ದಯವಿಟ್ಟು ಗೊತ್ತಿದ್ದವರು ಹೇಳಿ.

ನಿವೃತ್ತ ನರ್ಸ್, ಬಾಗಲಕೋಟೆ:
ಮಗಳೆ, ಇಷ್ಟು ಜನ ಬರೆದರೂ ಒಬ್ಬರೂ ಇನ್ಸುಲಿನ್ ಮಾತು ಎತ್ತಲಿಲ್ಲ ಎಂದು ಸಿಟ್ಟು ಬರುತ್ತದೆ. ಒಡೆಯದ ಇನ್ಸುಲಿನ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಮಂಜುಗಡ್ಡೆಯಾಗಬಾರದು. ಬಳಸಲು ತೆಗೆದ ಬಾಟಲಿಯನ್ನು ಸಾಮಾನ್ಯವಾಗಿ ಸುಮಾರು 4 ವಾರ, 30 ಡಿಗ್ರಿ ಮೀರದ ಜಾಗದಲ್ಲಿ ಹೊರಗೇ ಇಡಬಹುದು. ನಿಮ್ಮದು ಯಾವ ಬಗೆ ಎಂದು ಡಾಕ್ಟರನ್ನು ಕೇಳಿ ಖಚಿತ ಮಾಡಿಕೊಳ್ಳಿ. ಮಳೆಗಾಲದಲ್ಲಿ ನಿಮ್ಮ ಕಡೆ ಸೆಕೆ ಕಡಿಮೆ. ಕರೆಂಟ್ ಹೋದರೆ ದೊಡ್ಡ ಮಣ್ಣಿನ ಗಡಿಗೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಚಿಕ್ಕ ಗಡಿಗೆ ಇಟ್ಟು, ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಒಳಗಿಡಿ, ಬಾಯಿಗೆ ಒದ್ದೆ ಅರಿವೆ ಮುಚ್ಚಿ. ಮರಳು ಒಣಗಲು ಬಿಡಬೇಡಿ. ಸೂಜಿ, ಸಕ್ಕರೆ ಅಳೆಯುವ ಪಟ್ಟಿ, ಓಆರ್‌ಎಸ್ ಪೊಟ್ಟಣ ಒಂದು ತಿಂಗಳಿಗೆ ಸಾಲುವಷ್ಟು ಜೂನ್‌ನಲ್ಲೇ ತಂದಿಡಿ. ನೆರೆ ಬಂದ ಬೋರ್‌ವೆಲ್ ನೀರು ತಿಳಿಯಾಗಿ ಕಂಡರೂ ಹಾಗೆಯೇ ಕುಡಿಯಬೇಡಿ. ಅರಿವೆಯಲ್ಲಿ ಸೋಸಿ, ಕುದಿ ಬಂದ ಮೇಲೂ ಸ್ವಲ್ಪ ಹೊತ್ತು ಕುದಿಸಿ. ಮಗುವಿಗೆ ಪುಡಿ ಹಾಲು ಕಲಸುವುದೂ ಅದೇ ನೀರಿನಲ್ಲಿ. ಅದಕ್ಕಾಗಿಯೇ ಎರಡನೇ ಸಿಲಿಂಡರ್ ಬೇಕು, ರೊಟ್ಟಿಗಲ್ಲ.

ಮಹಡಿ ಇಲ್ಲದ ಮನೆಯಲ್ಲಿ ಇವೆಲ್ಲ ಒಂದು ಚೀಲದಲ್ಲಿ ಸಿದ್ಧವಿರಲಿ. ರಾಜಾಪುರ ಬ್ಯಾರೇಜ್‌ನಿಂದ ಎಷ್ಟು ನೀರು ಬಿಟ್ಟರು ಎಂದು ಪತ್ರಿಕೆಯಲ್ಲಿ ದಿನಾ ಬರುತ್ತದೆ, ಆದರೆ ಅದು ಕೃಷ್ಣೆಯ ಲೆಕ್ಕ. ನಿಮ್ಮ ದೂಧಗಂಗೆಗೆ ಕಾಳಮ್ಮವಾಡಿ ಜಲಾಶಯದ ಸುದ್ದಿ ನೋಡಿ. ಕಾರದಗಾ–ಭೋಜ ಸೇತುವೆ ಮುಳುಗಿತು ಎಂದು ಕೇಳಿದ ದಿನವೇ ಅತ್ತೆ, ಮಗುವನ್ನು ಚಿಕ್ಕೋಡಿಗೆ ಕಳುಹಿಸಿ. 2009ರ ನೆರೆಯಲ್ಲಿ ನಾನು ಶಿಬಿರದಲ್ಲಿ ಕೆಲಸ ಮಾಡಿದ್ದೇನೆ. ಇನ್ಸುಲಿನ್ ಮನೆಯಲ್ಲೇ ಉಳಿಯಿತು ಎಂದು ಅಳುತ್ತಾ ಬಂದವರನ್ನು ನೋಡಿದ್ದೇನೆ.

ಯಡೂರು ಕಡೆಯ ಗೃಹಿಣಿ:
ಸಿಸ್ಟರ್ ಅವರೆ, ನಿಮ್ಮ ಮೇಲೆ ಗೌರವ ಇದೆ. ಆದರೆ ‘ರೊಟ್ಟಿಗಲ್ಲ’ ಎಂದು ಬರೆಯಬಾರದಿತ್ತು. ಸಕ್ಕರೆ ಕಾಯಿಲೆಯವರು ಸೂಜಿ ಚುಚ್ಚಿಕೊಂಡು ಖಾಲಿ ಹೊಟ್ಟೆಯಲ್ಲಿ ಕೂರಬಹುದೆ?

ನಿವೃತ್ತ ನರ್ಸ್, ಬಾಗಲಕೋಟೆ:
ಕೂರಬಾರದು. ಅದು ನಿಜ. ಅತ್ತೆಯವರ ಚೀಲಕ್ಕೆ ನಾಲ್ಕು ಕಟಕ್ ರೊಟ್ಟಿ, ಸ್ವಲ್ಪ ಸಕ್ಕರೆಯನ್ನೂ ಹಾಕಿ.

ಖಾನಾಪುರ ಕಾಡಿನವ:
ಗೋಳು ಎಂಬ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನಮಗೆ ಸೇತುವೆ ಕಟ್ಟಿಕೊಡಿ ಎಂದು ಎಷ್ಟು ಕಾಲದಿಂದ ಕೇಳುತ್ತಿದ್ದೇವೆ.

ಅಥಣಿ ಕಡೆಯವ:
ಮುತ್ತೂರಿನವರು ಹಿನ್ನೀರಿನ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ.

ರೈತ, ಮುತ್ತೂರು, ಜಮಖಂಡಿ ತಾಲ್ಲೂಕು:
ನಿಮ್ಮೊಡನೆ ವಾದ ಮಾಡುತ್ತಾ ಕುಳಿತರೆ ಮಳೆ ಹಿಡಿಯುತ್ತದೆ. ಬೀಗರ ಕಣದಲ್ಲಿ ಒಣ ಕಣಿಕೆ ಇದೆ, ಈ ವರ್ಷ ಹೆಚ್ಚಿಗೆ ಒಟ್ಟಿಸಿದ್ದೇನೆ. ದನ ಇದ್ದವರು ಕೇಳಿ. ಕೊಂಡ ದರಕ್ಕೇ ಕೊಡುತ್ತೇನೆ, ಗಾಡಿ ಬಾಡಿಗೆ ನಿಮ್ಮದು.