ಸಹಾಯ ಬೇಕು: ಶಬ್ದದ ವೇಗ ಸರಿ ಬರ್ತಿದೆ, ಎಂಡ್ ಕರೆಕ್ಷನ್ ಮಾತ್ರ ಜಾಸ್ತಿ

ರೆಸೊನೆನ್ಸ್ ಟ್ಯೂಬ್ (ನೀರಿನ ಮಟ್ಟ ಬದಲಿಸಿ ಗಾಳಿಯ ಉದ್ದ ಹೊಂದಿಸುವ ಕೊಳವೆ) ಒಳವ್ಯಾಸ 3 ಸೆಂ.ಮೀ., ಟ್ಯೂನಿಂಗ್ ಫೋರ್ಕ್ 512 ಹರ್ಟ್ಸ್, ಗಾಳಿ 27 ಡಿಗ್ರಿ ಸೆಲ್ಸಿಯಸ್. ಮೊದಲ ಅನುರಣನ (ಸದ್ದು ಜೋರಾಗುವ ಗಾಳಿಯ ಉದ್ದ) 15.6 ಸೆಂ.ಮೀ.ಗೆ, ಎರಡನೆಯದು 49.5ಕ್ಕೆ. ಇವೆರಡರ ವ್ಯತ್ಯಾಸದಿಂದ ವೇಗ 347 ಮೀ/ಸೆ, ಸರಿಯಾಗೇ ಇದೆ. ಎಂಡ್ ಕರೆಕ್ಷನ್ (ಅಲೆ ಬಾಯಿಯಿಂದ ಸ್ವಲ್ಪ ಆಚೆಗೂ ಚಾಚೋದರಿಂದ ಅಳೆದ ಉದ್ದಕ್ಕೆ ಕೂಡಿಸಬೇಕಾದ್ದು) ಮಾತ್ರ 1.35 ಸೆಂ.ಮೀ.; ವ್ಯಾಸದ 0.3 ಪಟ್ಟು ಅಂದರೆ 0.9 ಬರಬೇಕಿತ್ತು.

ನೀರು ಏರಿಸುತ್ತಾ, ಇಳಿಸುತ್ತಾ ಎರಡೂ ರೀತಿ ಅಳೆದು ಸರಾಸರಿ ತೆಗೆದಾಯ್ತು. ಸ್ಕೇಲಿನ ಸೊನ್ನೆ ಕೊಳವೆಯ ಬಾಯಿಗೇ ಇದೆ. ಮೊದಲ ಅಳತೆಯೊಂದನ್ನೇ 15.9 ಅಂತ ತಿದ್ದಿದರೆ ಕರೆಕ್ಷನ್ 0.9 ಬರುತ್ತೆ, ಆದರೆ ವೇಗ 344ಕ್ಕೆ ಇಳಿದುಬಿಡುತ್ತೆ. ಅಂದರೆ ಎರಡೂ ಅಳತೆ ಸಮನಾಗಿ 0.45 ಸೆಂ.ಮೀ. ಕಡಿಮೆ ಬರ್ತಿವೆ, ಗೊಂದಲ ಇಲ್ಲೇ.

ಬಾಯಿಯ ಸುತ್ತ ಅಗಲವಾದ ಚಪ್ಪಟೆ ಅಂಚಿದೆ. ಅದನ್ನು ಲೆಕ್ಕಕ್ಕೆ ತಗೊಂಡರೂ 1.23 ಅಷ್ಟೇ. ಫೋರ್ಕ್ 1 ಸೆಂ.ಮೀ. ಮೇಲಿದೆ. ಉಳಿದ ಹೆಚ್ಚಳ ಫೋರ್ಕ್ ಬಾಯಿಗೆ ಅಡ್ಡ ಬರೋದರಿಂದಲೇ? ಹಾಗಿದ್ದರೆ ಎಷ್ಟು ದೂರ ಹಿಡಿಯಬೇಕು?