ಯುಗಾದಿಗೆ ಮೊದಲು ಕೂಲರ್, ಎಸಿ ತೊಳೆಯುವ ವಿಚಾರ: ನಮ್ಮ ಬಡಾವಣೆ ಗುಂಪಿನ ಚರ್ಚೆ, ಬಳ್ಳಾರಿ

ಮನೆ 17, ಎರಡನೇ ಕ್ರಾಸ್ (ಭಾನುವಾರ, ಬೆಳಿಗ್ಗೆ 8:40)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಮೊನ್ನೆ ರಾತ್ರಿ ಮಗಳಿಗೆ ಮತ್ತೆ ದಮ್ಮು ಬಂತು. ಎರಡು ವಾರದಲ್ಲಿ ಇದು ಮೂರನೇ ಸಲ. ನಿನ್ನೆ ಡಾಕ್ಟರ್ ಔಷಧಿ ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿದರು. "ಮಗು ಮಲಗುವ ಕೋಣೆಯಲ್ಲಿ ಎಸಿ ಇದೆಯಾ? ಯಾವಾಗ ತೊಳೆಸಿದ್ದು?" ನನಗೆ ಉತ್ತರ ಗೊತ್ತಿರಲಿಲ್ಲ. ದೀಪಾವಳಿಗೆ ಹೊರಗಿನಿಂದ ಬಟ್ಟೆಯಲ್ಲಿ ಒರೆಸಿದ್ದಷ್ಟೇ ನೆನಪು.

ಇವತ್ತು ಬೆಳಿಗ್ಗೆ ಸ್ಟೂಲ್ ಹಾಕಿಕೊಂಡು ಎಸಿ ಮುಚ್ಚಳ ಎತ್ತಿದೆ. ಒಳಗಿನ ಜಾಲರಿ ಕಾಣಲೇ ಇಲ್ಲ. ಅದರ ಮೇಲೆ ಕಂಬಳಿ ಹೊದಿಸಿದ ಹಾಗೆ ಕೆಂಪು ಪದರ ಕೂತಿತ್ತು. ಉಗುರಿನಿಂದ ಅಂಚು ಎತ್ತಿದರೆ ತೆಳ್ಳಗಿನ ರೊಟ್ಟಿ ಥರ ಎದ್ದು ಬಂತು. ಬಕೆಟ್‌ನಲ್ಲಿ ಅದ್ದಿದೆ. ಮೂರು ಸಲ ನೀರು ಬದಲಿಸಿದರೂ ನೀರಿಗೆ ಕೆಮ್ಮಣ್ಣಿನ ಬಣ್ಣ. ತಳದಲ್ಲಿ ಮಿಣಮಿಣ ಹೊಳೆಯುವ ಸಣ್ಣ ಪುಡಿ ಉಳಿದಿತ್ತು. ಅದು ಅದಿರಿನ ಧೂಳು ಅಂತ ಬಳ್ಳಾರಿಯವರಿಗೆ ಹೇಳಬೇಕಾಗಿಲ್ಲ. ಆ ಜಾಲರಿ ದಾಟಿ ಬಂದ ಗಾಳಿಯಲ್ಲೇ ನನ್ನ ಮಗಳು ಇಷ್ಟು ದಿನ ಮಲಗಿದ್ದಾಳೆ. ಬಕೆಟ್ ಮುಂದೆ ಕೂತು ಅತ್ತುಬಿಟ್ಟೆ.

ಯುಗಾದಿಗೆ ಇನ್ನು ಹತ್ತು ದಿನ ಇದೆ. ಹೇಗೂ ಎಲ್ಲರೂ ಮನೆಯ ಧೂಳು ಹೊಡೆಯುತ್ತೇವೆ. ಈ ಸಲ ಅದರ ಜೊತೆಗೆ ನಮ್ಮ ಎರಡು ಕ್ರಾಸಿನ ಎಲ್ಲಾ ಎಸಿ, ಕೂಲರ್‌ಗಳನ್ನೂ ಒಂದೇ ದಿನ ತೊಳೆಯೋಣ ಅಂತ ನನ್ನ ಆಸೆ. ಮುಂದಿನ ಶನಿವಾರ ಆಗಬಹುದಾ? ಕೆಲಸ ಗೊತ್ತಿರುವವರು ದಯವಿಟ್ಟು ತಿಳಿಸಿಕೊಡಿ.

ಮನೆ 9, ಮೊದಲನೇ ಕ್ರಾಸ್ (ಭಾನುವಾರ, 9:05)

ಅಕ್ಕಾ, ಮಗು ಈಗ ಹೇಗಿದೆ? ನಮ್ಮ ಮನೆ ಎಸಿ ಕೂಡ ಸರಿಯಾಗಿ ತಂಪಾಗುತ್ತಿಲ್ಲ. ಸರ್ವಿಸ್‌ಗೆ ಬಂದ ಹುಡುಗ ನೋಡಿದ ತಕ್ಷಣ "ಗ್ಯಾಸ್ ಖಾಲಿ ಆಗಿದೆ, ತುಂಬಿಸಬೇಕು, ಮೂರು ಸಾವಿರ" ಅಂದ. ಹೋದ ವರ್ಷವೂ ಹೀಗೇ ಹೇಳಿ ತುಂಬಿಸಿಕೊಂಡಿದ್ದರು. ಪ್ರತಿ ವರ್ಷ ತುಂಬಿಸಲೇಬೇಕಾ?

ಮನೆ 31, ಎರಡನೇ ಕ್ರಾಸ್ (ಭಾನುವಾರ, 10:30)

ನಮಸ್ಕಾರ. ನಾನು 18 ವರ್ಷದಿಂದ ಫ್ರಿಜ್, ಎಸಿ ರಿಪೇರಿ ಮಾಡುತ್ತಿದ್ದೇನೆ. ಗೊತ್ತಿರುವುದನ್ನು ಹೇಳುತ್ತೇನೆ.

9ನೇ ಮನೆ ಅಣ್ಣಾ, ಎಸಿ ಗ್ಯಾಸ್ ಪೆಟ್ರೋಲ್ ಥರ ಅಲ್ಲ. ಓಡಿಸಿದಷ್ಟೂ ಖರ್ಚಾಗುವುದಿಲ್ಲ. ಮುಚ್ಚಿದ ತಾಮ್ರದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಕಡಿಮೆ ಆಗಿದೆ ಅಂದರೆ ಎಲ್ಲೋ ಲೀಕ್ ಇದೆ ಅಂತಲೇ ಅರ್ಥ. ಲೀಕ್ ಹುಡುಕಿ ಬೆಸುಗೆ ಹಾಕದೆ ತುಂಬಿಸಿದರೆ ಮುಂದಿನ ವರ್ಷ ಮತ್ತೆ ಅದೇ ಕಥೆ. ಯಾರೇ ಬಂದು ಗ್ಯಾಸ್ ಅಂದರೂ, "ಲೀಕ್ ಎಲ್ಲಿದೆ ತೋರಿಸಿ" ಅಂತ ಕೇಳಿ. ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಾಕದೆ ಹೇಳಿದರೆ ನಂಬಬೇಡಿ. ನಮ್ಮೂರಲ್ಲಿ ತಂಪು ಕಡಿಮೆ ಆಗಲು ಜಾಸ್ತಿ ಕಾರಣ ಧೂಳೇ. ಒಳಗೆ ಜಾಲರಿ ಕಟ್ಟಿಕೊಂಡಿರುತ್ತದೆ, ಹೊರಗಿನ ಡಬ್ಬದ ಹಿಂದೆ ಅಲ್ಯೂಮಿನಿಯಂ ರೆಕ್ಕೆಗಳ ಸಂದಿಯಲ್ಲಿ ಮಣ್ಣು ಮೆತ್ತಿರುತ್ತದೆ. ಬಿಸಿ ಹೊರಗೆ ಹೋಗಲು ದಾರಿ ಇರುವುದಿಲ್ಲ. ಕಂಪ್ರೆಸರ್ ಸುಮ್ನೆ ಓಡುತ್ತಲೇ ಇರುತ್ತದೆ, ಬಿಲ್ ಏರುತ್ತದೆ.

ಜಾಲರಿ ತೊಳೆಯಲು ಮೆಕ್ಯಾನಿಕ್ ಬೇಕಿಲ್ಲ. ಮೊದಲು ಎಂಸಿಬಿ, ಅಂದರೆ ಬೋರ್ಡಿನಲ್ಲಿ ಎಸಿಗೆ ಕರೆಂಟ್ ಕೊಡುವ ಸ್ವಿಚ್ಚು, ಆಫ್ ಮಾಡಿ. ಬರೀ ರಿಮೋಟ್ ಆಫ್ ಸಾಲದು. ಜಾಲರಿ ಹೊರಗೆ ತೆಗೆದು, ತಣ್ಣೀರನ್ನು ಹಿಂಬದಿಯಿಂದ ಬಿಡಿ. ಆಗ ಧೂಳು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಮುಂದಿನಿಂದ ನೀರು ಹೊಡೆದರೆ ಧೂಳು ಜಾಲರಿಯ ತೂತಿನೊಳಗೇ ಸಿಕ್ಕಿಕೊಳ್ಳುತ್ತದೆ. ಬಿಸಿನೀರು ಬೇಡ, ಬಿಸಿಲಲ್ಲಿ ಒಣಗಿಸಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ನೆರಳಲ್ಲಿ ಪೂರ್ತಿ ಆರಿದ ಮೇಲೆ ಹಾಕಿ. ಕಂಪನಿಯ ಪುಸ್ತಕದಲ್ಲಿ ಏನೇ ಬರೆದಿರಲಿ, ನಮ್ಮ ಧೂಳಿಗೆ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆಯಲೇಬೇಕು.

ಜಾಲರಿಯ ಹಿಂದೆ ಗಾಳಿ ತಂಪು ಮಾಡುವ ಕಾಯಿಲ್, ನೀರು ಹೋಗುವ ಪೈಪು ಇವೆರಡೂ ನಮ್ಮಂಥವರ ಕೆಲಸ. ಎಸಿ ಹಾಕಿದ ತಕ್ಷಣ ಹಳೇ ಒದ್ದೆ ಬಟ್ಟೆಯ ವಾಸನೆ ಬಂದರೆ ಕಾಯಿಲ್ ಮೇಲೆ ಬೂಷ್ಟು ಹಿಡಿದಿದೆ ಅಂತ ತಿಳಿಯಿರಿ. ಪೈಪಿನಲ್ಲಿ ಪಾಚಿ ಕಟ್ಟಿದರೆ ನೀರು ಗೋಡೆಗೆ ಇಳಿಯುತ್ತದೆ. ಆ ಗೋಡೆಗೂ ಬೂಷ್ಟು. ದಮ್ಮು ಇರುವ ಮಕ್ಕಳಿಗೆ ಅದು ತುಂಬಾ ಕೆಟ್ಟದ್ದು.

ಶನಿವಾರ ನಾನು, ನನ್ನ ತಮ್ಮ ಇಬ್ಬರೂ ಬರುತ್ತೇವೆ. ಹೊರಗೆ ಒಂದು ಎಸಿಗೆ 600 ತೆಗೆದುಕೊಳ್ಳುತ್ತೇವೆ. ಹತ್ತು ಮನೆ ಸೇರಿದರೆ 400 ಕೊಡಿ ಸಾಕು. 17ನೇ ಮನೆಯದು ಇವತ್ತೇ ಸಂಜೆ ಮಾಡಿಕೊಡುತ್ತೇನೆ ಅಕ್ಕಾ, ಮಗು ಇನ್ನೊಂದು ವಾರ ಕಾಯುವುದು ಬೇಡ.

ಮನೆ 17 (ಭಾನುವಾರ, 10:41)

ನಿಮ್ಮ ಉಪಕಾರ ಮರೆಯುವುದಿಲ್ಲ ಅಣ್ಣಾ. ಐದು ಗಂಟೆಗೆ ಕಾಯುತ್ತಿರುತ್ತೇನೆ.

ಮನೆ 4, ಮೊದಲನೇ ಕ್ರಾಸ್ (ಭಾನುವಾರ, ಮಧ್ಯಾಹ್ನ 12:15)

ಎಸಿ ಇರುವವರು ನಮ್ಮಲ್ಲಿ ಕಾಲು ಭಾಗವೂ ಇಲ್ಲ. ನಮ್ಮದೆಲ್ಲ ಕೂಲರ್. ಅದರ ಬಗ್ಗೆಯೂ ಹೇಳಿ. ಹೋದ ವಾರ ಅಟ್ಟದಿಂದ ಇಳಿಸಿದೆವು. ಹುಲ್ಲಿನ ಪ್ಯಾಡ್ ಮೇಲೆ ಉಪ್ಪು ಬಿಳಿ ಬಿಳಿಯಾಗಿ ಗಟ್ಟಿ ಕಟ್ಟಿದೆ. ನಲ್ಲಿ ನೀರು ದಿನಾ ಬರುವುದಿಲ್ಲ, ಕೂಲರ್‌ಗೆ ಬೋರ್ ನೀರೇ ಗತಿ.

ಮನೆ 31 (ಭಾನುವಾರ, 12:50)

ಹುಲ್ಲಿನ ಪ್ಯಾಡ್ ಆದರೆ ಪ್ರತಿ ಬೇಸಿಗೆಗೂ ಹೊಸದು ಹಾಕಿ. ಉಪ್ಪು ಕಟ್ಟಿದ ಹುಲ್ಲು ನೀರು ಹೀರುವುದಿಲ್ಲ, ಗಾಳಿಯನ್ನೂ ಬಿಡುವುದಿಲ್ಲ. ಜೇನುಗೂಡಿನ ಥರದ ಪ್ಯಾಡ್ ಆದರೆ ಎರಡು ಮೂರು ವರ್ಷ ಬರುತ್ತದೆ. ಬೋರ್ ನೀರಾದರೆ ಅದಕ್ಕೂ ಕಡಿಮೆ. ಹಳೇ ನೀರಿಗೇ ಹೊಸ ನೀರು ಸುರಿಯುತ್ತಾ ಹೋದರೆ ಉಪ್ಪು ಗಟ್ಟಿಯಾಗುತ್ತಲೇ ಹೋಗುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ ಅಲ್ವಾ? ಅದಕ್ಕೇ ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಬೇಕು. ಟ್ಯಾಂಕಿಗೆ ಕಟ್ಟಿದ ಉಪ್ಪನ್ನು ನಿಂಬೆರಸ ಹಾಕಿ ಉಜ್ಜಬಹುದು. ನಿಂಬೆರಸವಾಗಲಿ, ಆ್ಯಸಿಡ್ ಆಗಲಿ, ಬ್ಲೀಚಿಂಗ್ ಪೌಡರ್ ಜೊತೆ ಯಾವತ್ತೂ ಸೇರಿಸಬೇಡಿ. ವಿಷದ ಗಾಳಿ ಏಳುತ್ತದೆ.

ಇನ್ನೊಂದು ಮಾತು. ಪ್ಲಗ್ ಕಿತ್ತು ಆಮೇಲೆ ನೀರು ಹಾಕಿ. ತಗಡಿನ ಕೂಲರ್, ಒದ್ದೆ ನೆಲ, ಬರಿಗಾಲು, ಅರ್ಥಿಂಗ್ ಇಲ್ಲದ ಎರಡು ಪಿನ್ನಿನ ವೈರು. ಇಷ್ಟು ಸೇರಿದರೆ ಜೀವ ಹೋಗುತ್ತದೆ. ನನ್ನ ಕಣ್ಣಾರೆ ನೋಡಿದ್ದೇನೆ. ಮೂರು ಪಿನ್ನಿನ ಪ್ಲಗ್ ಇಲ್ಲದವರು ಶನಿವಾರ ಹೇಳಿ, ವೈರಿನ ದುಡ್ಡು ಮಾತ್ರ ಕೊಡಿ, ಬದಲಿಸಿಕೊಡುತ್ತೇನೆ.

ಮನೆ 22, ಎರಡನೇ ಕ್ರಾಸ್ (ಭಾನುವಾರ, ರಾತ್ರಿ 8:10)

ನಾನು ಆಶಾ ಕಾರ್ಯಕರ್ತೆ, ನಿಮಗೆಲ್ಲ ಗೊತ್ತು. ಲಾರ್ವಾ ಸರ್ವೆಗೆ ಹೋದಾಗ ನಾನು ಮೊದಲು ಬ್ಯಾಟರಿ ಬಿಡುವುದು ಕೂಲರ್ ಟ್ಯಾಂಕಿಗೆ. ಅಲ್ಪವಿರಾಮದ ಥರ ಬಾಗಿ ಕುಣಿಯುವ ಹುಳ ಕಂಡರೆ ಅದು ಸೊಳ್ಳೆ ಮರಿ. ಡೆಂಗಿ, ಚಿಕೂನ್‌ಗುನ್ಯಾ ತರುವ ಸೊಳ್ಳೆಗೆ ತಿಳಿ ನೀರು ಹೆಚ್ಚು ಇಷ್ಟ, ಅದು ಹಗಲಲ್ಲಿ ಕಚ್ಚುತ್ತದೆ. ಈ ಸೆಕೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು ಎಂಟ್ಹತ್ತು ದಿನ ಸಾಕು. ವಾರಕ್ಕೊಮ್ಮೆ ಒಣಗಿಸಿ ಅಂತ ನಾವು ಬಾಯಿ ನೋಯುವಷ್ಟು ಹೇಳುವುದು ಅದಕ್ಕೇ.

ಬರೀ ನೀರು ಚೆಲ್ಲಿದರೆ ಸಾಲದು. ಮೊಟ್ಟೆಗಳು ನೀರಿನ ಮಟ್ಟದ ಮೇಲೆ ಟ್ಯಾಂಕಿನ ಗೋಡೆಗೆ ಕಪ್ಪು ಚುಕ್ಕಿಯಾಗಿ ಅಂಟಿರುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ನೀರು ಬಿದ್ದ ಕೂಡಲೇ ಮರಿಯಾಗುತ್ತವೆ. ಬ್ರಷ್ ಹಾಕಿ ತಿಕ್ಕಬೇಕು. ಬೇಸಿಗೆ ಮುಗಿದು ಅಟ್ಟಕ್ಕೆ ಹಾಕುವಾಗಲೂ ತಿಕ್ಕಿ, ಒಣಗಿಸಿ ಹಾಕಿ.

ಮತ್ತೆ, ಕೂಲರ್ ಹಾಕಿದಾಗ ಎದುರಿನ ಕಿಟಕಿ ಅರ್ಧ ತೆರೆದಿಡಿ. ಮುಚ್ಚಿದರೆ ಕೋಣೆಯಲ್ಲಿ ತೇವ ತುಂಬುತ್ತದೆ. ಬೆವರು ಆರುವುದಿಲ್ಲ, ಮೈ ಅಂಟಂಟು. ವಯಸ್ಸಾದವರಿಗೆ ಉಸಿರು ಕಟ್ಟಿದ ಹಾಗಾಗುತ್ತದೆ.

ಮನೆ 15, ಎರಡನೇ ಕ್ರಾಸ್ (ಸೋಮವಾರ, ಬೆಳಿಗ್ಗೆ 6:55)

ನೇರವಾಗಿ ಕೇಳುತ್ತೇನೆ, ಬೇಸರ ಬೇಡ. ಮುಖ್ಯ ರಸ್ತೆ ಅಗೆದು ಐದು ತಿಂಗಳಾಯಿತು. ಮಣ್ಣಿನ ಗುಡ್ಡೆ ಹಾಗೇ ಬಿದ್ದಿದೆ. ಲಾರಿಗಳು ತಾಡಪತ್ರಿ ಇಲ್ಲದೆ ಓಡುತ್ತಿವೆ. ಬೆಳಿಗ್ಗೆ ಅಂಗಳ ತೊಳೆದು ರಂಗೋಲಿ ಹಾಕಿದರೆ ಒಂಬತ್ತಕ್ಕೆ ಕೆಂಪಾಗುತ್ತದೆ. ಹೊರಗೆ ಹೀಗಿರುವಾಗ ಒಳಗೆ ಜಾಲರಿ ತೊಳೆದು ಏನು ಪ್ರಯೋಜನ? ಮೊದಲು ರಸ್ತೆ ಸರಿ ಮಾಡಿಸೋಣ.

ಮನೆ 26, ಮೊದಲನೇ ಕ್ರಾಸ್ (ಸೋಮವಾರ, 9:20)

15ನೇ ಮನೆಯವರ ಸಿಟ್ಟು ನ್ಯಾಯವಾದದ್ದು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು. ಅದಿರಿನ ಲಾರಿಗಳ ಸಾಲು ಕಂಡವನು ಕೂಡ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವ ಮೊದಲು ಒಗೆದು ಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿ ಆಗುತ್ತಿತ್ತು. ಈಗ ಅಷ್ಟಿಲ್ಲ, ಆದರೆ ಮುಗಿದೂ ಇಲ್ಲ.

ಧೂಳಿನಲ್ಲಿ ಎರಡು ಬಗೆ ಇದೆ. ಕಣ್ಣಿಗೆ ಕಾಣುವುದು, ಬಟ್ಟೆ ಮೇಲೆ ಕೂರುವುದು ದಪ್ಪದ್ದು. ಅದನ್ನು ಮೂಗು, ಗಂಟಲು ಸುಮಾರಾಗಿ ತಡೆಯುತ್ತವೆ. ಪಿಎಂ 2.5 ಅನ್ನುವ ಸಣ್ಣ ಕಣ ಒಂದು ಮಿಲಿಮೀಟರಿನ 400ನೇ ಒಂದು ಭಾಗಕ್ಕಿಂತ ಚಿಕ್ಕದು. ಅದು ಶ್ವಾಸಕೋಶದ ತಳದವರೆಗೂ ಇಳಿಯುತ್ತದೆ. ನಮ್ಮ ದೇಶದ ನಿಯಮದಲ್ಲಿ 24 ಗಂಟೆಯ ಸರಾಸರಿಗೆ ಪಿಎಂ 10 (ಅದಕ್ಕಿಂತ ದಪ್ಪ ಕಣಗಳೂ ಸೇರಿದ ಧೂಳು) ಒಂದು ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ, ಪಿಎಂ 2.5 ಆದರೆ 60 ದಾಟಬಾರದು. ಎಸಿಯ ಸಾದಾ ಜಾಲರಿ ಹಿಡಿಯುವುದು ದಪ್ಪ ಧೂಳನ್ನು ಮಾತ್ರ. ಎಸಿ ಇದೆ, ಗಾಳಿ ಶುದ್ಧ ಅಂತ ಯಾರೂ ಅಂದುಕೊಳ್ಳಬೇಡಿ. ಅದು ಹೊರಗಿನ ಹೊಸ ಗಾಳಿಯನ್ನು ತರುವುದೂ ಇಲ್ಲ, ಒಳಗಿನದನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಸೊಳ್ಳೆ ಬತ್ತಿ, ಊದಿನಕಡ್ಡಿ ಹಚ್ಚಿ ಎಸಿ ಹಾಕಿದರೆ ಆ ಹೊಗೆಯನ್ನೇ ಬೆಳಗಿನವರೆಗೆ ಕುಡಿಯುತ್ತೀರಿ. ಮೆಣಸಿನಕಾಯಿ ಹುರಿಯುವಾಗ ಅಡುಗೆ ಮನೆಯ ಫ್ಯಾನು ಓಡಲಿ, ಮಲಗುವ ಕೋಣೆಯ ಬಾಗಿಲು ಮುಚ್ಚಿರಲಿ. ನಸುಕಿನಲ್ಲಿ, ಲಾರಿ ಓಡಾಟ ಶುರುವಾಗುವ ಮೊದಲು, ಕಿಟಕಿಗಳನ್ನೆಲ್ಲ ಅರ್ಧ ಗಂಟೆ ತೆರೆಯಿರಿ. ಒಣ ಪೊರಕೆಯಲ್ಲಿ ಗುಡಿಸುವುದಕ್ಕಿಂತ ಒದ್ದೆ ಬಟ್ಟೆಯಲ್ಲಿ ಒರೆಸಿ.

ರಸ್ತೆಯ ಅರ್ಜಿ ನಾನು ಬರೆಯುತ್ತೇನೆ. ದಿನಕ್ಕೆ ಎರಡು ಸಲ ನೀರು ಚಿಮುಕಿಸಬೇಕು, ಮಣ್ಣಿನ ಗುಡ್ಡೆ ಎತ್ತಬೇಕು, ತಾಡಪತ್ರಿ ಇಲ್ಲದ ಲಾರಿ ತಡೆಯಬೇಕು. ಮೂರೇ ಬೇಡಿಕೆ. ಎಲ್ಲರ ಸಹಿ ಬೇಕು.

ಮನೆ 17 (ಸೋಮವಾರ, 9:48)

ಮೇಷ್ಟ್ರೇ, ಮೊದಲ ಸಹಿ ನನ್ನದು. 15ನೇ ಮನೆ ಅಣ್ಣಾ, ನೀವು ಹೇಳಿದ್ದು ಸರಿ. ಆದರೆ ರಸ್ತೆ ಯಾವಾಗ ಮುಗಿಯುತ್ತದೋ ನಮ್ಮ ಕೈಯಲ್ಲಿಲ್ಲ. ನಿನ್ನೆ ಸಂಜೆ ನಮ್ಮ ಎಸಿ ತೊಳೆದಾಗ ಕಾಯಿಲ್‌ನಿಂದ ಇಳಿದ ನೀರು ಕಾಫಿ ಡಿಕಾಕ್ಷನ್ ಬಣ್ಣದ್ದು. ರಾತ್ರಿ ಮಗಳು ಒಂದೇ ಸಲ ಕೆಮ್ಮಿದಳು. ಒಂದು ರಾತ್ರಿಯಿಂದ ಏನೂ ಹೇಳಲಾಗದು, ಅವಳ ಔಷಧಿಯೂ ನಡೆಯುತ್ತಿದೆ. ಆದರೂ ಒಳಗಿನದು ನಮ್ಮ ಕೈಯಲ್ಲಿದೆಯಲ್ಲ. ಎರಡನ್ನೂ ಒಟ್ಟಿಗೇ ಮಾಡೋಣ. ಅರ್ಜಿ ಕೊಡಲು ಹೋಗುವಾಗ ಆ ಬಕೆಟ್ ತಳದ ಪುಡಿಯನ್ನು ಬಾಟಲಿಯಲ್ಲಿ ತರುತ್ತೇನೆ.

ಮನೆ 15 (ಸೋಮವಾರ, 10:02)

ಒಪ್ಪಿದೆ ತಂಗೀ. ಅರ್ಜಿಗೆ ನಾನು ಮನೆ ಮನೆ ತಿರುಗಿ ಸಹಿ ಹಾಕಿಸುತ್ತೇನೆ. ತೊಳೆಯಲು ನೀರಿನ ಚಿಂತೆ ಬೇಡ, ನಮ್ಮ ಬೋರ್ ಇದೆ, ಪೈಪ್ ಎಳೆದುಕೊಳ್ಳಿ.

ಮನೆ 9 (ಮಂಗಳವಾರ, ಸಂಜೆ 7:30)

ಬಾತ್‌ರೂಮ್ ಒಳಗೆ ಗ್ಯಾಸ್ ಗೀಸರ್ ಇರುವವರು ಎಷ್ಟು ಜನ? ನಮ್ಮದು ಒಳಗೇ ಇದೆ.

ಮನೆ 31 (ಮಂಗಳವಾರ, 7:44)

ಅಣ್ಣಾ, ಇವತ್ತೇ ಬಳಸುವುದು ನಿಲ್ಲಿಸಿ. ಮುಚ್ಚಿದ ಬಾತ್‌ರೂಮಿನಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಸುತ್ತಿ ಬಿದ್ದವರಿಗೆ ಚಿಲಕ ತೆಗೆಯಲೂ ಆಗುವುದಿಲ್ಲ. ಗೀಸರ್ ಹೊರಗಿನ ಗೋಡೆಗೆ ಹೋಗಬೇಕು, ಪೈಪ್ ಮಾತ್ರ ಒಳಗೆ. ಶನಿವಾರದವರೆಗೆ ಒಲೆ ಮೇಲೆ ನೀರು ಕಾಯಿಸಿಕೊಳ್ಳಿ. ನಿಮ್ಮದು ಮೊದಲು ಹೊರಗೆ ಹಾಕುತ್ತೇನೆ.

ಮನೆ 12ರ ಮಗ, ಬೆಂಗಳೂರಿನಿಂದ (ಗುರುವಾರ, ರಾತ್ರಿ 9:15)

ಎಲ್ಲಾ ಓದಿದೆ. ಅಮ್ಮ ಒಬ್ಬಳೇ ಇರುವುದು, ನಿಮಗೆ ಗೊತ್ತು. ಫೋನಿನಲ್ಲಿ ಕೇಳಿದರೆ "ಕೂಲರ್ ಚೆನ್ನಾಗಿದೆ ಬಿಡಪ್ಪಾ" ಅನ್ನುತ್ತಾಳೆ. ಟ್ಯಾಂಕ್ ಎತ್ತಲು ಅವಳಿಗೆ ಆಗುವುದಿಲ್ಲ. ಕಳ್ಳರ ಭಯಕ್ಕೆ ಕಿಟಕಿಯೂ ಮುಚ್ಚಿ ಮಲಗುತ್ತಾಳೆ. ನನಗೆ ಶನಿವಾರ ರಜೆ ಸಿಗಲಿಲ್ಲ. ಯಾರಾದರೂ ಒಂದು ಸಲ ನೋಡುತ್ತೀರಾ?

ಮನೆ 22 (ಗುರುವಾರ, 9:21)

ನಾನು ಹೋಗುತ್ತೇನೆ ತಮ್ಮಾ. ಪ್ರತಿ ಶನಿವಾರ ನಮ್ಮ ಕೂಲರ್ ತಿಕ್ಕುವಾಗ ಅವ್ವನದನ್ನೂ ತಿಕ್ಕಿ ಬರುತ್ತೇನೆ.

ಮನೆ 15 (ಗುರುವಾರ, 9:30)

ಕಿಟಕಿಗೆ ಕಬ್ಬಿಣದ ಜಾಲರಿ ನಾನು ಹಾಕಿಸುತ್ತೇನೆ. ಆಮೇಲೆ ಅವ್ವ ಧೈರ್ಯವಾಗಿ ತೆರೆದು ಮಲಗಲಿ.

ಮನೆ 17 (ಶುಕ್ರವಾರ, ರಾತ್ರಿ 8:00)

ನಾಳೆ ಬೆಳಿಗ್ಗೆ 7ಕ್ಕೆ ಮೊದಲನೇ ಕ್ರಾಸಿನಿಂದ ಶುರು. ಎಸಿ 11, ಕೂಲರ್ 34, ಗೀಸರ್ 3. ಹುಲ್ಲಿನ ಪ್ಯಾಡ್ ಒಟ್ಟಿಗೇ ತಂದಿದ್ದೇವೆ, ನಮ್ಮ ಜಗಲಿಯಲ್ಲಿವೆ. ಎಲ್ಲರೂ ಇವತ್ತು ರಾತ್ರಿ ಕೂಲರ್ ಆಫ್ ಮಾಡಿದ ಮೇಲೆ, ಪ್ಲಗ್ ಕಿತ್ತು, ನೀರು ಬಸಿದಿಡಿ. ನೀರನ್ನು ಚರಂಡಿಗೆ ಬಿಡಬೇಡಿ, ಅಂಗಳಕ್ಕೆ ಚೆಲ್ಲಿ, ಧೂಳಾದರೂ ಕೂರುತ್ತದೆ. ಅರ್ಜಿಗೆ 52 ಸಹಿ ಆಗಿದೆ. ಸೋಮವಾರ ಹತ್ತೂವರೆಗೆ ಮೇಷ್ಟ್ರ ಮನೆ ಮುಂದೆ ಸೇರೋಣ. ನಾಳೆ ತಿಂಡಿ ನಮ್ಮ ಮನೆಯಲ್ಲಿ, ಒಗ್ಗರಣೆ ಮಂಡಕ್ಕಿ, ಮಿರ್ಚಿ. ತಟ್ಟೆ ಕಡಿಮೆ ಇವೆ, ಮನೆಗೆ ಎರಡರಂತೆ ತನ್ನಿ.