ಅಚ್ಚಿನಲ್ಲಿ ಸಿಗದ ಕನ್ನಡ ಪುಸ್ತಕದ ಪಿಡಿಎಫ್ ಹಂಚುವುದು ಕಳ್ಳತನವೇ?

ಪ್ರಶ್ನೆ: ಮಲೆನಾಡಿನ ಓದುಗ

ಮಾನ್ಯರೆ, ನಮ್ಮ ಊರಿನ ಮೂವತ್ತು ಮಂದಿ ಸೇರಿ ಐದು ವರ್ಷಗಳಿಂದ ಓದುಗರ ವಾಟ್ಸಾಪ್ ಬಳಗವೊಂದನ್ನು ನಡೆಸುತ್ತಿದ್ದೇವೆ. ತಿಂಗಳಿಗೊಂದು ಪುಸ್ತಕ ಓದಿ, ಕೊನೆಯ ಭಾನುವಾರ ಕುಳಿತು ಮಾತನಾಡುವುದು ನಮ್ಮ ವಾಡಿಕೆ. ಕಳೆದ ತಿಂಗಳು ಬಳಗದ ಹಿರಿಯರೊಬ್ಬರು 1970ರ ದಶಕದ ಕಾದಂಬರಿಯೊಂದನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕಿದರು. ಮುಚ್ಚಿಹೋದ ವಾಚನಾಲಯವೊಂದರ ರದ್ದಿಯಲ್ಲಿ ಅವರಿಗೆ ಸಿಕ್ಕಿದ್ದ ಪ್ರತಿ ಅದು. ಲೇಖಕರು ತೀರಿಕೊಂಡು ಹದಿನೈದು ವರ್ಷಗಳಾಗಿವೆ, ಮರುಮುದ್ರಣವಂತೂ ಆಗಿಯೇ ಇಲ್ಲ.

ವಾರದೊಳಗೆ ಆ ಕಡತ ದೊಡ್ಡದೊಂದು ಟೆಲಿಗ್ರಾಂ ಚಾನೆಲ್ ಸೇರಿತ್ತು. ಅಲ್ಲಿ ಅದರ ಜೊತೆಗೆ ಈ ವರ್ಷವಷ್ಟೇ ಬಿಡುಗಡೆಯಾದ ಪುಸ್ತಕಗಳೂ ಇದ್ದವು. ಅಂದು ಆ ಕಾದಂಬರಿಯನ್ನು ಅಚ್ಚು ಹಾಕಿಸಿದವರ ಕಡೆಯವರು ನನಗೆ ಫೋನ್ ಮಾಡಿ ಗದರಿದರು. ನಾನು ಬಳಗದಿಂದ ಕಡತವನ್ನು ತೆಗೆದುಹಾಕಿದೆ. ಇದರಿಂದ ನೊಂದ ಹಿರಿಯರು, ‘ಇದು ಅಭಿವ್ಯಕ್ತಿ ಸ್ವಾತಂತ್ರ್ಯದ ಮೇಲಿನ ಸವಾರಿ, ಸತ್ತ ಪುಸ್ತಕಕ್ಕೆ ಜೀವ ಕೊಟ್ಟದ್ದು ತಪ್ಪೇ?’ ಎಂದು ಕೇಳಿ ಬಳಗವನ್ನೇ ಬಿಟ್ಟರು. ಹೊಸ ಪುಸ್ತಕದ ಪಿಡಿಎಫ್ ಹಂಚುವುದು ತಪ್ಪು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ದುಡ್ಡು ಕೊಡುತ್ತೇನೆಂದರೂ ಸಿಗದ ಪುಸ್ತಕವನ್ನು ಓದುವ ದಾರಿ ಯಾವುದು?

ಉತ್ತರ 1: ಸಣ್ಣ ಪ್ರಕಾಶಕ

ನಾನು ವರ್ಷಕ್ಕೆ ಏಳೆಂಟು ಪುಸ್ತಕ ತರುವವನು. ಒಂದು ಶೀರ್ಷಿಕೆಗೆ ಐನೂರು, ಧೈರ್ಯ ಬಂದರೆ ಸಾವಿರ ಪ್ರತಿ ಹಾಕಿಸುತ್ತೇನೆ, ಅವು ಖರ್ಚಾಗಲು ಎರಡು ಮೂರು ವರ್ಷ ಹಿಡಿಯುತ್ತದೆ. ಇಂಥ ಲೆಕ್ಕದಲ್ಲಿ ನೂರು ಪ್ರತಿಗಳ ಮಾರಾಟ ತಪ್ಪಿದರೆ ಮುಂದಿನ ಪುಸ್ತಕದ ಕಾಗದದ ದುಡ್ಡೇ ಹೋದಂತೆ. ಹೊಸ ಪುಸ್ತಕಗಳ ಪಿಡಿಎಫ್ ಹಂಚಿ ಅದನ್ನು ಕನ್ನಡ ಸೇವೆಯೆಂದು ಕರೆದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಆದರೆ ನಿಮಗೆ ಫೋನ್ ಮಾಡಿದವರ ಬಗ್ಗೆ ಒಂದು ಮಾತು. ಆ ಪುಸ್ತಕದ ಶೀರ್ಷಿಕೆ ಪುಟದ ಹಿಂಬದಿಯನ್ನು ತೆಗೆದು ನೋಡಿ. ನಮ್ಮ ಹಳೆಯ ಪುಸ್ತಕಗಳಲ್ಲಿ ಬಹಳಷ್ಟರ ಮೇಲೆ ‘ಹಕ್ಕುಗಳು: ಲೇಖಕರವು’ ಎಂದೇ ಅಚ್ಚಾಗಿರುತ್ತದೆ, ಏಕೆಂದರೆ ಕನ್ನಡದಲ್ಲಿ ಒಂದು ಮುದ್ರಣಕ್ಕಷ್ಟೇ ಬಾಯಿಮಾತಿನ ಒಪ್ಪಂದ ಮಾಡಿಕೊಳ್ಳುವ ರೂಢಿ ಹಿಂದಿನಿಂದಲೂ ಇದೆ. ಹಾಗಿದ್ದರೆ ಗದರುವ ಅಧಿಕಾರ ಫೋನ್ ಮಾಡಿದವರಿಗೂ ಇರಲಿಲ್ಲ, ಹಂಚುವ ಅಧಿಕಾರ ನಿಮ್ಮ ಹಿರಿಯರಿಗೂ ಇರಲಿಲ್ಲ. ಕೇಳಬೇಕಾದದ್ದು ಲೇಖಕರ ಮನೆಯವರನ್ನು.

ಉತ್ತರ 2: ಪುಟವಿನ್ಯಾಸದವಳು

ಇಪ್ಪತ್ತು ವರ್ಷಗಳಿಂದ ಡಿಟಿಪಿ ಮಾಡುತ್ತಿರುವ ನನಗೆ ಈ ಚರ್ಚೆಯಲ್ಲಿ ಯಾರೂ ಆಡದ ಮಾತೊಂದು ಕಾಣುತ್ತದೆ. ಮನೆಯವರು ಒಪ್ಪಿಗೆ ಕೊಟ್ಟರೂ ಪುಸ್ತಕ ಹೊರಬರುವುದು ಅಷ್ಟು ಸುಲಭವಲ್ಲ. ಮೊಳೆ ಜೋಡಿಸಿ ಅಚ್ಚು ಹಾಕಿದ ಪುಸ್ತಕಗಳ ಕಥೆ ಹಾಗಿರಲಿ, ಕಂಪ್ಯೂಟರಿನಲ್ಲೇ ಸಿದ್ಧವಾದ ಪುಸ್ತಕಗಳ ಪಾಡೂ ಚೆನ್ನಾಗಿಲ್ಲ. ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ ಹಳೆಯ ಫಾಂಟುಗಳನ್ನು ಬಳಸಿ ಮಾಡಿದ ಕಡತಗಳು ನನ್ನ ಹತ್ತಿರವೇ ಎರಡು ಡಬ್ಬಿ ಸಿಡಿಗಳಲ್ಲಿವೆ. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ತುಣುಕುಗಳನ್ನು ಕೂರಿಸಿರುತ್ತಿದ್ದರು. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಎಲ್ಲ ಯಂತ್ರಗಳೂ ಓದಬಲ್ಲ ಅಕ್ಷರ ಸಂಕೇತವಾದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ, ನಿಜ, ಆದರೆ ಅರ್ಕಾವತ್ತು ಒಂದಕ್ಷರ ಆಚೆ ಹಾರಿರುತ್ತದೆ, ಒತ್ತಕ್ಷರ ಕಳಚಿರುತ್ತದೆ, ಇಡೀ ಪುಸ್ತಕದ ಕರಡನ್ನು ಮತ್ತೆ ತಿದ್ದಬೇಕಾಗುತ್ತದೆ.

ಮೇಲೆ ಬರೆದ ಪ್ರಕಾಶಕರು ತಪ್ಪು ತಿಳಿಯಬಾರದು. ಪಿಡಿಎಫ್ ಕಳ್ಳರ ಮೇಲೆ ಹರಿಹಾಯುವ ನಮ್ಮ ವಲಯದಲ್ಲಿ ಪರವಾನಗಿಯ ತಂತ್ರಾಂಶ ಎಷ್ಟು ಯಂತ್ರಗಳಲ್ಲಿತ್ತು ಎಂದು ನಾವೇ ಎದೆ ಮುಟ್ಟಿ ಕೇಳಿಕೊಳ್ಳಬೇಕು. ನಾನು ಕೆಲಸ ಕಲಿತದ್ದೂ ಕದ್ದ ಪ್ರತಿಯಲ್ಲಿಯೇ. ಅದರ ದಂಡವನ್ನು ಈಗ ಬೇರೆ ರೂಪದಲ್ಲಿ ತೆರುತ್ತಿದ್ದೇನೆ: ಪೇಜ್‌ಮೇಕರ್ ಅಭಿವೃದ್ಧಿ ನಿಂತು ಎರಡು ದಶಕಗಳಾದವು, ಆ ಕಡತಗಳನ್ನು ತೆರೆಯುವುದಕ್ಕಾಗಿಯೇ ಹಳೆಯ ಯಂತ್ರವೊಂದನ್ನು ಜೋಪಾನ ಮಾಡಿಟ್ಟಿದ್ದೇನೆ.

ಇಂಗ್ಲಿಷಿನವರು ‘ಫ್ರೀ’ ಎಂಬ ಒಂದೇ ಪದದಲ್ಲಿ ಎರಡು ಅರ್ಥ ಇಟ್ಟುಕೊಂಡು ಒದ್ದಾಡುತ್ತಾರೆ. ನಮಗೆ ಆ ತೊಡಕಿಲ್ಲ, ‘ಬಿಟ್ಟಿ’ ಬೇರೆ, ‘ಮುಕ್ತ’ ಬೇರೆ: ದುಡ್ಡಿಲ್ಲದೆ ಸಿಗುವುದು ಬಿಟ್ಟಿ, ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದದ್ದು ಮುಕ್ತ. ಕದ್ದ ತಂತ್ರಾಂಶ ಬಿಟ್ಟಿಯಾಗಿ ಸಿಕ್ಕಿತು, ಆದರೆ ನಮ್ಮ ಅಕ್ಷರಗಳನ್ನು ಅದು ಕಟ್ಟಿಹಾಕಿತು. ಸ್ಕ್ರೈಬಸ್, ಲಿಬ್ರೆಆಫೀಸ್‌ನಂಥ ಮುಕ್ತ ತಂತ್ರಾಂಶಗಳು ಈಗ ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತವೆ, ಮುಕ್ತ ಪರವಾನಗಿಯ ಫಾಂಟುಗಳೂ ಇವೆ.

ಉತ್ತರ 3: ಕಾನೂನಿನ ವಿದ್ಯಾರ್ಥಿ

ಕಾನೂನಿನ ಮಟ್ಟಿಗೆ ಹೇಳುವುದಾದರೆ, ಪುಸ್ತಕ ಅಚ್ಚಿನಲ್ಲಿಲ್ಲ ಎಂಬ ಕಾರಣಕ್ಕೆ ಹಕ್ಕುಸ್ವಾಮ್ಯ ಅಳಿಯುವುದಿಲ್ಲ. 1957ರ ಕಾಯ್ದೆಯಲ್ಲಿ ಲೇಖಕರ ಮರಣಾನಂತರದ ಅವಧಿ ಮೊದಲು 50 ವರ್ಷವಿತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯುತ್ತಿದ್ದ ಹೊತ್ತಿನಲ್ಲೇ ಅದನ್ನು 60 ವರ್ಷಕ್ಕೆ ಹಿಗ್ಗಿಸಲಾಯಿತು. ಲೆಕ್ಕ ಶುರುವಾಗುವುದು ಮರಣದ ಮರುವರ್ಷದ ಜನವರಿ 1ರಿಂದ. 1963ರಲ್ಲಿ ತೀರಿಕೊಂಡ ತ್ರಿವೇಣಿಯವರ ಜೀವಿತಕಾಲದಲ್ಲಿ ಪ್ರಕಟವಾದ ಕಾದಂಬರಿಗಳು 2024ರ ಜನವರಿ 1ರಿಂದ ಸಾರ್ವಜನಿಕ ಸ್ವತ್ತಾದವು, ಆದರೆ 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕೃತಿಗಳಿಗೆ 2054ರ ಕೊನೆಯವರೆಗೆ ಕಾಯಬೇಕು. ಲೇಖಕರು ತೀರಿದ ಮೇಲೆ ಮೊದಲು ಪ್ರಕಟವಾದ ಕೃತಿಗೆ ಪ್ರಕಟಣೆಯ ವರ್ಷವೇ ಲೆಕ್ಕದ ಆಧಾರ. ನಿಮ್ಮ ಕಾದಂಬರಿಗೆ ಇನ್ನೂ ನಾಲ್ಕೂವರೆ ದಶಕ ಬಾಕಿ ಇದೆ, ಅದು ಅತಿಯಾಯಿತು ಎಂದು ನನಗೂ ಅನ್ನಿಸುತ್ತದೆ.

ಸಂದುಗಳೂ ಇವೆ. ಕಾಯ್ದೆಯ 52ನೇ ಕಲಂ ಸ್ವಂತ ಅಧ್ಯಯನಕ್ಕೆ ನ್ಯಾಯಯುತ ಬಳಕೆಯನ್ನು ಒಪ್ಪುತ್ತದೆ, ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕದ ಗರಿಷ್ಠ ಮೂರು ಪ್ರತಿಗಳನ್ನು ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ ಮಾಡಿಕೊಳ್ಳಲು ಬಿಡುತ್ತದೆ. ಆದ್ದರಿಂದ ಆ ಜೀರ್ಣ ಪ್ರತಿಯನ್ನು ಒಂದು ಗ್ರಂಥಾಲಯಕ್ಕೆ ಒಪ್ಪಿಸಿದರೆ ಪುಸ್ತಕವಾದರೂ ಉಳಿಯುತ್ತದೆ.

ಇದಕ್ಕಿಂತ ನೇರ ದಾರಿ ವಾರಸುದಾರರಿಗೆ ಕಾಗದ ಬರೆದು, ಎಲ್ಲರೂ ಹಂಚಿಕೊಳ್ಳಲು ಹಕ್ಕುದಾರರೇ ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡುವಿರಾ ಎಂದು ಕೇಳುವುದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ, ಮುಕ್ತ ಪಠ್ಯಗಳ ಜಾಲತಾಣವಾದ ವಿಕಿಸೋರ್ಸ್‌ಗೆ ಬಂದದ್ದು ಹೀಗೆ ಒಪ್ಪಿಗೆಯಿಂದಲೇ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ, ಒಂದೂವರೆ ಲಕ್ಷ ನಮೂದುಗಳ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತ ಪರವಾನಗಿಯಲ್ಲಿ ಹೊರಬಂತು. ಯಾರೂ ಯಾರ ಹಿತ್ತಲಿಗೂ ನುಗ್ಗಬೇಕಾಗಲಿಲ್ಲ.

ಅಭಿವ್ಯಕ್ತಿ ಸ್ವಾತಂತ್ರ್ಯದ ಮಾತನ್ನು ಇಲ್ಲಿಗೆ ಎಳೆಯುವುದು ಸರಿಯಲ್ಲ. ನೀವು ಕಡತವನ್ನಷ್ಟೇ ತೆಗೆದಿರಿ, ಹಿರಿಯರ ಬಾಯಿ ಮುಚ್ಚಿಸಲಿಲ್ಲ. ಅವರು ಆ ಕಾದಂಬರಿಯ ವಿಮರ್ಶೆ ಬರೆಯಲಿ, ಭಾಗಗಳನ್ನು ಉದ್ಧರಿಸಲಿ, ಅದಕ್ಕೆ ಕಾಯ್ದೆಯ ತಡೆಯಿಲ್ಲ.

ಪ್ರಶ್ನೆ ಕೇಳಿದವರ ಮರುನುಡಿ: ಮಲೆನಾಡಿನ ಓದುಗ

ಮೂವರಿಗೂ ನಮಸ್ಕಾರ. ಪುಟದ ಹಿಂಬದಿಯನ್ನು ನೋಡಿದೆ, ‘ಹಕ್ಕುಗಳು: ಲೇಖಕರವು’ ಎಂದೇ ಇದೆ. ಲೇಖಕರ ಮಗಳ ವಿಳಾಸ ಹುಡುಕಿ ಕಾಗದ ಹಾಕಿದ್ದೇನೆ, ಇಲ್ಲ ಎಂದರೆ ಅದನ್ನೂ ಒಪ್ಪುತ್ತೇವೆ. ಹಿರಿಯರ ಮನೆಗೆ ಹೋಗಿ ಈ ಉತ್ತರಗಳನ್ನೆಲ್ಲ ಓದಿ ಹೇಳಿದೆ. ಬಳಗಕ್ಕೆ ಮರಳುವ ಮಾತನ್ನು ಅವರು ಆಡಲಿಲ್ಲ, ಆದರೆ ಒಪ್ಪಿಗೆ ಬಂದರೆ ಕರಡು ತಿದ್ದುವ ಕೆಲಸವನ್ನು ತಮಗೇ ಬಿಡಬೇಕೆಂದರು. ಸ್ಕ್ಯಾನ್ ಮಾಡಿದ ಪುಟಗಳಿಂದ ಅಕ್ಷರಗಳನ್ನು ಎತ್ತಿಕೊಳ್ಳಲು ಟೆಸೆರಾಕ್ಟ್ ಎಂಬ ಮುಕ್ತ ತಂತ್ರಾಂಶವಿದೆಯೆಂದು ಕೇಳಿದ್ದೇನೆ. ಮೊಳೆಯಚ್ಚಿನ ಮಾಸಿದ ಪುಟಗಳ ಮೇಲೆ ಅದನ್ನು ಪ್ರಯೋಗಿಸಿದವರು ಯಾರಾದರೂ ಇದ್ದರೆ, ಒತ್ತಕ್ಷರಗಳು ಎಷ್ಟರಮಟ್ಟಿಗೆ ಸರಿಬರುತ್ತವೆ ಎಂದು ದಯವಿಟ್ಟು ತಿಳಿಸಿ.